ಮಾನ್ಯಖೇಟಕ್ಕೆ ನಡೆದು ಬಂದ ಮಹಾಕವಿ ಪುಷ್ಪದಂತ

ನಮ್ಮ ಜಿನಮಂದಿರದ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ನಿಮಿತ್ತ ಹೊರಬರುತ್ತಿರುವ ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನಾನು ಮೊದಲು ಹಿಂದೇಟು ಹಾಕಿದೆನು. ಗಂಜಿನಲ್ಲಿ ತೊಗರಿ, ಕಡಲೆಗಳ ಅಡತಿ ನಡೆಸುವವನ ಲೇಖನಿಗೆ ಕಿರ್ದಿ ಖಾತೆಗಳ ಅಭ್ಯಾಸವುಂಟೇ ಹೊರತು ಸಾಹಿತ್ಯದ ಅಭ್ಯಾಸವಿಲ್ಲ. ಮೆಟ್ರಿಕ್ಕಿನ ಆಚೆಗೆ ನನ್ನ ಓದು ಸಾಗಲಿಲ್ಲ. ಆದರೂ ನಮ್ಮ ಜಿಲ್ಲೆಯ ನೆಲದಲ್ಲಿ ನಿಂತು ಜಿನಪುರಾಣವನ್ನು ಹಾಡಿದ ಒಬ್ಬ ಮಹಾಕವಿಯ ಹೆಸರು ನಮ್ಮ ಸಮಾಜದ ತರುಣರಿಗೆ ಅಪರಿಚಿತವಾಗಿ ಉಳಿದಿರುವುದು ನನ್ನ ಮನಸ್ಸನ್ನು ಬಹುಕಾಲದಿಂದ ಚುಚ್ಚುತ್ತಿದ್ದುದರಿಂದ, ಧರ್ಮಬಂಧುಗಳು ದೋಷಗಳನ್ನು ಮನ್ನಿಸುವರೆಂಬ ಭರವಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯಲು ಕುಳಿತಿದ್ದೇನೆ.

ಆ ಕವಿಯ ಹೆಸರು ಪುಷ್ಪದಂತ. ಒಂಬತ್ತನೆಯ ತೀರ್ಥಂಕರರಾದ ಪುಷ್ಪದಂತ ಸ್ವಾಮಿಗಳನ್ನೂ, ಭೂತಬಲಿ ಆಚಾರ್ಯರೊಡನೆ ಷಟ್ಖಂಡಾಗಮವನ್ನು ರಚಿಸಿದ ಪುಷ್ಪದಂತ ಆಚಾರ್ಯರನ್ನೂ ನಾವೆಲ್ಲರೂ ಬಲ್ಲೆವು. ಇವನು ಅವರಿಬ್ಬರೂ ಅಲ್ಲ. ಇವನು ಹತ್ತನೆಯ ಶತಮಾನದ ಗೃಹವಿಲ್ಲದ ಗೃಹಸ್ಥ, ಮುನಿದೀಕ್ಷೆ ಪಡೆಯದ ವಿರಾಗಿ. ಎಲ್ಲಿಂದಲೋ ಕಾಲ್ನಡಿಗೆಯಲ್ಲಿ ಬಂದು ಮಾನ್ಯಖೇಟದಲ್ಲಿ ನೆಲೆನಿಂತು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ಬರೆದವನು.

ಮಾನ್ಯಖೇಟವೆಂದರೆ ಇಂದಿನ ಮಳಖೇಡ. ಕಲಬುರಗಿಯ ಜಗತ್ ಭಾಗದಿಂದ ಹೊರಟು ಸೇಡಂ ರಸ್ತೆಯನ್ನು ಹಿಡಿದರೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಈ ಊರು ಸಿಗುತ್ತದೆ. ಕೋಟೆಯ ಗೋಡೆಗಳು, ನೇಮಿನಾಥ ಬಸದಿ, ಆ ಬಸದಿಯೊಳಗಿನ ಚಿಕ್ಕ ಚಿಕ್ಕ ಜಿನಬಿಂಬಗಳಿಂದ ತುಂಬಿದ ಪಂಚಲೋಹದ ಮಂದಿರ, ಇವಿಷ್ಟು ನಮ್ಮ ಕಣ್ಣಿಗೆ ಬೀಳುವ ಪೂರ್ವವೈಭವ. ಉಳಿದಂತೆ ಸಿಮೆಂಟಿನ ಲಾರಿಗಳು, ಫರಸಿ ಕಲ್ಲಿನ ರಾಶಿಗಳು, ತೊಗರಿಯ ಹೊಲಗಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಮ್ಮ ಪೈಕಿ ಅನೇಕರು ವ್ಯಾಪಾರದ ನಿಮಿತ್ತ ವಾರಕ್ಕೊಮ್ಮೆ ಆ ಊರನ್ನು ಹಾದುಹೋಗುತ್ತಾರೆ. ಇಳಿದು ನೋಡುವವರು ಕಡಿಮೆ.

ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನು ತನ್ನ ದೀರ್ಘ ಆಳ್ವಿಕೆಯಲ್ಲಿ ಈ ನಗರವನ್ನು ರಾಜಧಾನಿಯಾಗಿ ಬೆಳೆಸಿದನು. ಜಿನಸೇನಾಚಾರ್ಯರು ಆತನ ಗುರುಗಳು. ಮಹಾವೀರಾಚಾರ್ಯರ ಗಣಿತಸಾರ ಸಂಗ್ರಹವು ಆತನ ಹೊಗಳಿಕೆಯೊಡನೆ ಆರಂಭವಾಗುತ್ತದೆ. ಈ ವಂಶದ ಅರಸರು ತಮ್ಮನ್ನು ಲಟ್ಟಲೂರಪುರದ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ಲಟ್ಟಲೂರು ಎಂದರೆ ಇಂದಿನ ಲಾತೂರು. ಇನ್ನೂರು ವರ್ಷಗಳ ತನಕ ದಕ್ಷಿಣಾಪಥವನ್ನು ಆಳಿದ ಈ ಬಲಿಷ್ಠ ವಂಶವನ್ನು ಅರಬ್ಬೀ ವರ್ತಕರು ಬಲ್ಹರಾ ಎಂಬ ಹೆಸರಿನಿಂದ ಬಲ್ಲವರಾಗಿದ್ದರು. ಕ್ರಿ.ಶ. 851ರಲ್ಲಿ ಬರೆದ ಒಂದು ಅರಬ್ಬೀ ವೃತ್ತಾಂತವು ಲೋಕದ ನಾಲ್ವರು ಮಹಾರಾಜರಲ್ಲಿ ಈ ಬಲ್ಹರಾನನ್ನೂ ಎಣಿಸಿದೆ. ಅರಮನೆಯ ಕೀರ್ತಿ ಅಷ್ಟು ದೂರ ಹೋದದ್ದು ವರ್ತಕರ ನಾಲಗೆಯ ಮೇಲೆ ಎಂಬುದನ್ನು ನಾವು ವ್ಯಾಪಾರಿಗಳು ನೆನಪಿಡಬೇಕು.

ದಾರಿಗಳಾದರೋ ಅರಸರಿಗಿಂತಲೂ ಹಳೆಯವು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯ ಒಬ್ಬ ನಾವಿಕ ವರ್ತಕನು ಬರೆದಿಟ್ಟ ಕೈಪಿಡಿಯೊಂದರಲ್ಲಿ ಭರುಕಚ್ಛ ಬಂದರದಿಂದ ದಕ್ಷಿಣಕ್ಕೆ 20 ದಿವಸಗಳ ಪಯಣದಲ್ಲಿ ಪೈಠಣವೂ, ಅಲ್ಲಿಂದ ಪೂರ್ವಕ್ಕೆ 10 ದಿವಸಗಳ ಪಯಣದಲ್ಲಿ ತಗರವೆಂಬ ಪಟ್ಟಣವೂ ಇರುವುದಾಗಿ ಹೇಳಿದೆ. ಈ ಊರುಗಳಿಂದ ಹರಳುಕಲ್ಲುಗಳೂ ನಾನಾ ವಿಧದ ಬಟ್ಟೆಗಳೂ ದಾರಿಯೇ ಇಲ್ಲದಂತಹ ಮಹಾಪ್ರದೇಶಗಳನ್ನು ದಾಟಿ ಬಂಡಿಗಳ ಮೇಲೆ ಸಮುದ್ರತೀರಕ್ಕೆ ಹೋಗುತ್ತಿದ್ದುವಂತೆ. ತಗರವೆಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಮ್ಮವರಿಗೆ ತೇರಿನ ಸಮೀಪದ ಧಾರಾಶಿವದ ಗುಹೆಗಳು ಕರಕಂಡು ಮಹಾರಾಜನ ಕಥೆಯಿಂದ ಪರಿಚಿತ. ತೇರು, ಲಾತೂರು, ಕಲ್ಯಾಣಗಳ ಕಡೆಯಿಂದ ತೆಂಕಣಕ್ಕೆ ಇಳಿಯುವವರು ನಮ್ಮ ಜಿಲ್ಲೆಯನ್ನು ತುಳಿಯದೆ ಹೋಗುವಂತಿರಲಿಲ್ಲ. ಡಾ. ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮದ ಮೇಲಿನ ಗ್ರಂಥದಲ್ಲಿ ಸೇಡಂ, ಮಳಖೇಡ, ಅಡಕಿ, ತೆಂಗಳಿ, ಹುಣಸಿ ಹಡಗಿಲ, ಹರಸೂರುಗಳ ಜೈನಶಾಸನಗಳನ್ನು ಕೂಡಿಸಿಟ್ಟಿದ್ದಾರೆ. ಬಸದಿಗಳಿದ್ದ ಈ ಊರುಗಳನ್ನು ನಕಾಶೆಯ ಮೇಲೆ ಗುರುತು ಮಾಡುತ್ತ ಹೋದರೆ ಅವು ಎತ್ತಿನ ಹೇರುಗಳು ಒಂದೊಂದು ದಿನ ತಂಗಬಹುದಾದ ನೆಲೆಗಳಂತೆ ನನಗೆ ತೋರುತ್ತವೆ. ಇದು ವ್ಯಾಪಾರಿಯ ಊಹೆ; ಪಂಡಿತರು ತಿದ್ದಬಹುದು.

ಇಂತಹ ದಾರಿಯಲ್ಲಿ ನಡೆಯುವುದೆಂದರೆ ಏನೆಂಬುದನ್ನು ನಾನು ನಮ್ಮ ಅಜ್ಜನವರ ಬಾಯಿಂದ ಕೇಳಿದ್ದೇನೆ. ನಿಜಾಮರ ಕಾಲದಲ್ಲಿ ಅವರು ಬಟ್ಟೆಯ ಗಂಟುಗಳನ್ನು ಬಂಡಿಯಲ್ಲಿ ಹೇರಿಕೊಂಡು ಕಮಲಾಪುರ, ಹುಮನಾಬಾದಗಳ ಕಡೆಯ ಸಂತೆಗಳಿಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಎರೆಭೂಮಿಯಲ್ಲಿ ಬಂಡಿ ಕದಲುವುದಿಲ್ಲ. ಗಾಲಿಗೆ ಮೆತ್ತಿದ ಕರಿಮಣ್ಣನ್ನು ಕೋಲಿನಿಂದ ಕೆರೆದು ಕೆರೆದು ಎತ್ತುಗಳೂ ಮನುಷ್ಯರೂ ಸೋಲುವರು. ಆದುದರಿಂದ ದೀಪಾವಳಿಯ ತನಕ ಅಂಗಡಿಯೇ ಗತಿ. ಆಮೇಲೆ ಹೊರಟರೂ ಸೂರ್ಯಾಸ್ತದೊಳಗೆ ಊಟ ಮುಗಿಯಬೇಕು, ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ಹೊತ್ತು ಮುಳುಗುವ ಮುನ್ನ ಬಾವಿಯುಳ್ಳ ಊರು ಸಿಗದಿದ್ದರೆ ಉಪವಾಸ. ಕಮಲಾಪುರದ ಸುತ್ತಿನ ಏರಿಳಿತದ ದಾರಿಯಲ್ಲಿ ಹಾಗೆ ಉಪವಾಸವಿದ್ದ ರಾತ್ರಿಗಳನ್ನು ಅಜ್ಜನವರು ಬೆರಳೆಣಿಸಿ ಹೇಳುತ್ತಿದ್ದರು. ಈಗ ಕಮಲಾಪುರವು ತಾಲೂಕಿನ ಊರು. ಅಲ್ಲಿನ ಕೆಂಬಾಳೆಯ ಹಣ್ಣು ನಾಡಿಗೆಲ್ಲ ಪರಿಚಿತ. ಹೆದ್ದಾರಿಯಲ್ಲಿ ಹೋಗುವವರಿಗೆ ಆ ಹಳೆಯ ದಾರಿ ಕಲ್ಪನೆಗೂ ಸಿಗಲಾರದು. ಅಜ್ಜನವರಿಗೆ ಬಂಡಿಯಾದರೂ ಇತ್ತು. ಅವರಿಗಿಂತ ಸಾವಿರ ವರ್ಷ ಹಿಂದಿನ ನಮ್ಮ ಕವಿಗೆ ಅದೂ ಇರಲಿಲ್ಲ.

ಪುಷ್ಪದಂತನು ಕಾಶ್ಯಪ ಗೋತ್ರದ ಬ್ರಾಹ್ಮಣ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಇವರು ಮೊದಲು ಶಿವಭಕ್ತರಾಗಿದ್ದು ತರುವಾಯ ಜೈನಗುರುಗಳೊಬ್ಬರ ಉಪದೇಶದಿಂದ ಜಿನಧರ್ಮವನ್ನು ಸ್ವೀಕರಿಸಿ ಕಡೆಯಲ್ಲಿ ಸಂನ್ಯಾಸ ವಿಧಿಯಿಂದ ದೇಹವನ್ನು ಬಿಟ್ಟರೆಂದು ಕವಿಯೇ ತಿಳಿಸಿದ್ದಾನೆ. ತನ್ನ ಹುಟ್ಟೂರನ್ನು ಮಾತ್ರ ಅವನು ಎಲ್ಲಿಯೂ ಹೆಸರಿಸಿಲ್ಲ. ಅವನ ಕಾವ್ಯದಲ್ಲಿ ಹಳೆಯ ಮರಾಠಿಗೆ ಹತ್ತಿರವಾದ ಮಾತುಗಳು ಬರುವುದರಿಂದ ಅವನು ವರ್ಹಾಡ ಪ್ರಾಂತದವನಾಗಿರಬೇಕೆಂದು ಪಂಡಿತ ನಾಥೂರಾಮ ಪ್ರೇಮಿಯವರು ಅಭಿಪ್ರಾಯಪಟ್ಟಿದ್ದಾರೆ.

ರೂಪದಲ್ಲಿ ಅವನು ಕಪ್ಪು, ಬಡಕಲು, ನೋಡಲು ಅಂದವಿಲ್ಲದವನು. ಇದು ಶತ್ರುಗಳು ಹೇಳಿದ ಮಾತಲ್ಲ, ತನ್ನನ್ನು ಕುರಿತು ತಾನೇ ಹೇಳಿಕೊಂಡದ್ದು. ಆದರೆ ಬಿಳಿಯ ಹಲ್ಲುಗಳ ಹೊಳಪಿನಿಂದ ಸುತ್ತಲೂ ಬೆಳಗುತ್ತ ಸದಾ ನಗುತ್ತಿದ್ದನಂತೆ. ಹೆಸರಿಗೆ ತಕ್ಕ ಹಲ್ಲು! ಖಂಡ ಎಂಬುದು ಅವನ ಅಡ್ಡಹೆಸರು. ಅವನ ಬಿರುದುಗಳಾದರೋ ಬಹು ವಿಚಿತ್ರವಾದವು. ಅಭಿಮಾನಮೇರು, ಸರಸ್ವತೀನಿಲಯ ಎಂಬವನ್ನು ಒಪ್ಪಬಹುದು. ಕಾವ್ಯರಾಕ್ಷಸ, ಕಾವ್ಯಪಿಶಾಚ ಎಂಬ ಬಿರುದುಗಳನ್ನು ಸಂತೋಷದಿಂದ ಹೊತ್ತುಕೊಂಡ ಜೈನಕವಿ ಮತ್ತೊಬ್ಬನನ್ನು ನಾನು ಕಾಣೆ.

ಈ ಅಭಿಮಾನಮೇರುವಿಗೆ ಹಿಂದೆ ಒಬ್ಬ ಅರಸನ ಆಶ್ರಯವಿತ್ತು. ಭೈರವನೆಂದೂ ವೀರರಾಜನೆಂದೂ ಅವನ ಹೆಸರು. ಕವಿಯು ಆ ಅರಸನನ್ನು ದೇವೇಂದ್ರನಿಗೆ ಸಮನೆಂಬಂತೆ ಕಾವ್ಯದಲ್ಲಿ ಹೊಗಳಿದ್ದನು. ಆಮೇಲೆ ಅಲ್ಲಿ ಏನೋ ಅವಮಾನ ನಡೆದಿರಬೇಕು. ಉಟ್ಟ ಬಟ್ಟೆಯಲ್ಲಿ ಅಲ್ಲಿಂದ ಹೊರಬಿದ್ದು ತಿರುಗಿ ನೋಡಲಿಲ್ಲ. ಬಹುದೂರದ ದುರ್ಗಮವಾದ ದಾರಿಯನ್ನು ನಡೆದು, ಧೂಳು ಮುಚ್ಚಿದ ಮೈಯಿಂದ, ಬಿದಿಗೆಯ ಚಂದ್ರನಂತೆ ಕೃಶನಾಗಿ, ಕ್ರಿ.ಶ. 959ರ ಸಿದ್ಧಾರ್ಥ ಸಂವತ್ಸರದಲ್ಲಿ ಒಂದು ಪಟ್ಟಣದ ಹೊರಗಿನ ಮಾವಿನ ತೋಪಿಗೆ ಬಂದು ಬಿದ್ದನು.

ಆ ಪಟ್ಟಣ ಯಾವುದೆಂಬ ವಿಷಯದಲ್ಲಿ ಒಂದು ತೊಡಕಿದೆ. ಅದು ಮಾನ್ಯಖೇಟದ ಹೊರವಲಯವೆಂದು ತಿಳಿಯುವವರುಂಟು. ಆದರೆ ಕವಿಯು ಅಲ್ಲಿ ಬಳಸಿರುವ ಹೆಸರು ಮೇಪಾಡಿ. ಅದು ತಮಿಳು ನಾಡಿನ ಮೇಲ್ಪಾಟಿ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ಆ ವರ್ಷ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಎಂದರೆ ನಮ್ಮ ಕನ್ನರದೇವನು, ಚೋಳರನ್ನು ಗೆದ್ದು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದುದು ಕರಾಡದ ತಾಮ್ರಶಾಸನದಿಂದಲೂ, ಅದೇ ವರ್ಷ ಸೋಮದೇವ ಸೂರಿಗಳು ಮುಗಿಸಿದ ಯಶಸ್ತಿಲಕದಿಂದಲೂ ಸಿದ್ಧವಾಗಿದೆ. ಈ ಎರಡನೆಯ ಮಾತು ನಿಜವಾದರೆ ಕವಿಯ ಪ್ರಯಾಣ ಇನ್ನೂ ಅದ್ಭುತವಾದದ್ದು. ಪ್ರೇಮಿಯವರು ಹೇಳುವಂತೆ ವರ್ಹಾಡದಿಂದ ಹೊರಟಿದ್ದರೆ ಗೋದಾವರಿ, ಕೃಷ್ಣೆ, ತುಂಗಭದ್ರೆಗಳನ್ನು ದಾಟಿ ನೂರಾರು ಮೈಲಿ ತೆಂಕಣಕ್ಕೆ ನಡೆದು, ಪುನಃ ಅಲ್ಲಿಂದ ಬಡಗಣಕ್ಕೆ ಮಾನ್ಯಖೇಟಕ್ಕೆ ಬಂದಂತಾಯಿತು. ಸೈನ್ಯ ನಡೆದ ದಾರಿಯೇ ವರ್ತಕರ ದಾರಿ. ವರ್ತಕರ ದಾರಿಯೇ ಮುನಿಗಳ ವಿಹಾರದ ದಾರಿ. ಗುಂಪು ಕಟ್ಟಿಕೊಂಡು ಕಾವಲಿನೊಡನೆ ಎಲ್ಲರೂ ಸಾಗುವ ಆ ದಾರಿಗಳಲ್ಲಿ ಇವನು ಒಬ್ಬನೇ ನಡೆದನು. ಮಾರುವುದಕ್ಕೆ ಅವನ ಬಳಿ ಏನೂ ಇರಲಿಲ್ಲ, ಕಳ್ಳರು ದೋಚುವುದಕ್ಕೂ ಇರಲಿಲ್ಲ.

ತೋಪಿನಲ್ಲಿ ಗಿಣಿಗಳು ಕೂಗುತ್ತಿದ್ದ ಮಾಮರದ ಕೆಳಗೆ ಅವನು ದಣಿವಾರಿಸಿಕೊಳ್ಳುತ್ತಿದ್ದಾಗ ಇಬ್ಬರು ಗೃಹಸ್ಥರು ಅವನನ್ನು ಕಂಡರು. ಅಮ್ಮೈಯ, ಇಂದ್ರರಾಯ ಎಂದು ಅವರ ಹೆಸರುಗಳು. ಇಷ್ಟು ದೊಡ್ಡ ಪಟ್ಟಣ ಎದುರಿಗಿರುವಾಗ ಈ ನಿರ್ಜನ ವನದಲ್ಲಿ ಏಕೆ ಉಳಿದಿರುವಿರೆಂದು ಅವರು ಕೇಳಿದರು. ಅದಕ್ಕೆ ಕವಿಯು ಕೊಟ್ಟ ಉತ್ತರದ ತಾತ್ಪರ್ಯ ಹೀಗೆ: ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಗಿರಿಗುಹೆಗಳಲ್ಲಿ ಹುಲ್ಲುಸೊಪ್ಪು ತಿಂದು ಬಾಳುವುದು ಲೇಸು, ಅರಸರ ಗುಣಗಳಾದರೋ ಚಾಮರದ ಗಾಳಿಗೆ ಹಾರಿಹೋಗಿರುತ್ತವೆ, ಪಟ್ಟಾಭಿಷೇಕದ ನೀರಿನಲ್ಲಿ ತೊಳೆದುಹೋಗಿರುತ್ತವೆ. ಊಟವಿಲ್ಲದ ಹೊಟ್ಟೆ, ಧೂಳಿನ ಮೈ, ಆದರೂ ಚಕ್ರವರ್ತಿಯ ನೆರಳಿನಲ್ಲೇ ನಿಂತು ಅರಸರ ವಿಷಯದಲ್ಲಿ ಈ ಮಾತು! ಆ ಇಬ್ಬರು ಸಜ್ಜನರು ಕೋಪಗೊಳ್ಳಲಿಲ್ಲ. ಅರಸನ ಹೆಸರನ್ನು ಬಿಟ್ಟು ಮಂತ್ರಿ ಭರತನ ಗುಣಗಳನ್ನು ವರ್ಣಿಸಿ, ಅವನನ್ನೊಮ್ಮೆ ಕಾಣಬೇಕೆಂದು ಬೇಡಿಕೊಂಡರು. ಅವರ ಒತ್ತಾಯಕ್ಕೆ ಕವಿ ಮಣಿದನು. ಅವರ ವಿಷಯವಾಗಿ ಇತಿಹಾಸಕ್ಕೆ ಇದಿಷ್ಟೇ ಗೊತ್ತು. ದಾರಿಯಲ್ಲಿ ಬಿದ್ದವನನ್ನು ಮಾತನಾಡಿಸಿದರು, ಸರಿಯಾದ ಮನೆಗೆ ಕಳುಹಿಸಿದರು.

ಭರತನು ಕೌಂಡಿನ್ಯ ಗೋತ್ರದವನು, ಕನ್ನರದೇವನ ಮಹಾಮಾತ್ಯ, ಏಳು ಮಂದಿ ಮಕ್ಕಳ ತಂದೆ. ಅವನ ಮನೆತನಕ್ಕಿದ್ದ ಮಂತ್ರಿಪದವಿ ನಡುವೆ ತಪ್ಪಿಹೋಗಿದ್ದು ಭರತನು ತನ್ನ ಯೋಗ್ಯತೆಯಿಂದ ಅದನ್ನು ಪುನಃ ಸಂಪಾದಿಸಿದ್ದನು. ಬಂದ ಅತಿಥಿಗೆ ಸ್ನಾನ, ಭೋಜನ, ವಸ್ತ್ರ, ಹಾಸಿಗೆಗಳನ್ನು ಒದಗಿಸಿ ಕೆಲವು ದಿನ ಕಳೆದ ಮೇಲೆ ಒಂದು ಮಾತನ್ನು ಬಹು ನಯವಾಗಿ ಎತ್ತಿದನು. ನೀವು ವೀರರಾಜನನ್ನು ಹೊಗಳಿ ಕಟ್ಟಿಕೊಂಡ ಮಿಥ್ಯಾತ್ವಕ್ಕೆ ಜಿನಪುರಾಣದ ರಚನೆಯೇ ಪ್ರಾಯಶ್ಚಿತ್ತ, ಆ ಕಾರ್ಯವನ್ನು ಕೈಗೊಳ್ಳಬೇಕು ಎಂಬುದು ಅವನ ಬಿನ್ನಹ. ಸಾಲದ ಬಾಬ್ತನ್ನು ಎತ್ತಿದರೂ ಸಾಲಗಾರನ ಮುಖ ಬಾಡದಂತೆ ಎತ್ತುವ ಜಾಣ್ಮೆ ಇದು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಮಹಾಪುರಾಣದ ಹಸ್ತಪ್ರತಿಗಳಲ್ಲಿ ಸಂಧಿಗಳ ಆರಂಭದಲ್ಲಿ ಭರತನನ್ನು ಪ್ರಶಂಸಿಸುವ ಸಂಸ್ಕೃತ ಶ್ಲೋಕಗಳಿವೆ. ಅವುಗಳಲ್ಲಿ ಒಂದರ ಅಭಿಪ್ರಾಯವೇನೆಂದರೆ, ಭರತನು ಬಾವಿ, ಕೆರೆ, ಬಸದಿಗಳನ್ನು ಕಟ್ಟಿಸುವುದನ್ನು ಬಿಟ್ಟು ಈ ಮಹಾಪುರಾಣವನ್ನು ಮಾಡಿಸಿದನು ಎಂಬುದು. ಬಸದಿಯ ಪ್ರತಿಷ್ಠೆಯ ಸಂಚಿಕೆಯಲ್ಲಿ ಈ ಮಾತನ್ನು ಬರೆಯಬಹುದೇ ಎಂದು ನಾನು ಎರಡು ದಿನ ಯೋಚಿಸಿದೆನು. ಬಸದಿ ಕಟ್ಟಿಸುವುದು ಮಹಾಪುಣ್ಯವೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಯಥಾಶಕ್ತಿ ನಾನೂ ಕೈಹಚ್ಚಿದ್ದೇನೆ. ದಾನಚಿಂತಾಮಣಿ ಅತ್ತಿಮಬ್ಬೆಯು ಲಕ್ಕುಂಡಿಯಲ್ಲಿ ಬಸದಿಯನ್ನೂ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನೂ ಬರೆಯಿಸಿ ಹಂಚಿದಳು. ಭರತನಿಗೂ ಎರಡನ್ನೂ ಮಾಡುವ ಐಶ್ವರ್ಯವಿತ್ತು. ಅವನು ಒಂದನ್ನು ಆರಿಸಿಕೊಂಡನು. ಆ ಕಾಲದ ಮಾನ್ಯಖೇಟದ ಸಮಾಜವು ಅವನನ್ನು ಏನೆಂದಿತೋ!

ಬರವಣಿಗೆ 959ರಲ್ಲಿ ಭರತನ ಮನೆಯಲ್ಲಿ ಆರಂಭವಾಯಿತು. ಇಪ್ಪತ್ತನಾಲ್ಕು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತೊಂಬತ್ತು ಬಲದೇವ, ವಾಸುದೇವ, ಪ್ರತಿವಾಸುದೇವರು, ಹೀಗೆ ಅರುವತ್ತಮೂವರು ಶಲಾಕಾಪುರುಷರ ಚರಿತ್ರೆ. ಇದೇ ವಸ್ತುವನ್ನು ಜಿನಸೇನ ಗುಣಭದ್ರ ಆಚಾರ್ಯರು ಮೊದಲೇ ಸಂಸ್ಕೃತದಲ್ಲಿ ಹೇಳಿದ್ದರು. ಪುಷ್ಪದಂತನು ಅದನ್ನು ಅಪಭ್ರಂಶದಲ್ಲಿ ಹಾಡಿದನು. ಕನ್ನಡ ನಾಡಿನ ರಾಜಧಾನಿಯಲ್ಲಿ ಕುಳಿತು ಬಡಗಣ ದೇಶದ ಆಡುಮಾತಿಗೆ ಹತ್ತಿರವಾದ ಭಾಷೆಯಲ್ಲಿ ಬರೆದುದು ಏಕೆಂದು ಕೆಲವರು ಆಶ್ಚರ್ಯಪಡುತ್ತಾರೆ. ನಮ್ಮ ಗಂಜಿನಲ್ಲಿ ಒಂದು ಮುಂಜಾನೆ ನಿಂತವರಿಗೆ ಆ ಆಶ್ಚರ್ಯವಿರಲಾರದು. ಕನ್ನಡ, ಮರಾಠಿ, ದಖನಿ, ತೆಲುಗು, ಮಾರವಾಡಿಗಳ ಮಾತುಗಳು ಒಂದೇ ತಕ್ಕಡಿಯ ಸುತ್ತ ಕೇಳಿಬರುತ್ತವೆ. ನರ್ಮದೆಯಿಂದ ಕಂಚಿಯ ತನಕ ವ್ಯವಹಾರವಿದ್ದ ಪಟ್ಟಣದಲ್ಲಿ ಅದಕ್ಕಿಂತ ಕಡಿಮೆ ಭಾಷೆಗಳಿದ್ದಿರಲಾರವು. ಅದೇ ಕನ್ನರದೇವನ ಆಶ್ರಯದಲ್ಲಿ ಪೊನ್ನನು ಕನ್ನಡದಲ್ಲಿ ಬರೆದು ಉಭಯಕವಿಚಕ್ರವರ್ತಿಯೆನಿಸಿದನು.

ಆದಿಪುರಾಣದ 37 ಸಂಧಿಗಳು ಮುಗಿದ ಮೇಲೆ ಕವಿಗೆ ವಿಷಾದ ಕವಿಯಿತು. ಲೇಖನಿ ನಿಂತಿತು. ಕೆಲವು ದಿನ ಸುಮ್ಮನೆ ಕುಳಿತನು. ಒಂದು ರಾತ್ರಿ ಕನಸಿನಲ್ಲಿ ಸರಸ್ವತಿಯು ಬಂದು ಅರ್ಹಂತರಿಗೆ ನಮಸ್ಕರಿಸೆಂದು ಹೇಳಿದಂತಾಗಿ ಎಚ್ಚೆತ್ತು ನೋಡಿದರೆ ಯಾರೂ ಇಲ್ಲ. ಆಗ ಭರತನೇ ಬಂದು ಕೈಮುಗಿದು ನಿಂತು, ನನ್ನಿಂದ ಏನಾದರೂ ಅಪರಾಧವಾಯಿತೇ, ಮನಸ್ಸೇಕೆ ಬಾಡಿತು ಎಂದು ವಿಚಾರಿಸಿದನು. ಕವಿಯು ಕಾಲದ ಕೆಡಕನ್ನೂ ದುರ್ಜನರ ನಿಂದೆಯನ್ನೂ ಹೇಳಿ, ತನಗೆ ಧನದ ಆಸೆಯಿಲ್ಲವೆಂದೂ, ಭರತನ ನಿಷ್ಕಪಟ ಸ್ನೇಹವೊಂದರಿಂದಲೇ ಆ ಮನೆಯಲ್ಲಿ ಇರುವುದಾಗಿಯೂ ತಿಳಿಸಿ ಪುನಃ ಬರೆಯಲು ಕುಳಿತನು. ಸಾಮ್ರಾಜ್ಯದ ಭಾರ ಹೊತ್ತ ಮಂತ್ರಿಗೆ ಒಬ್ಬ ಬಡಕವಿಯ ಮುಖ ಬಾಡಿದ್ದನ್ನು ನೋಡುವಷ್ಟು ಪುರುಸೊತ್ತಿತ್ತು. ಕೊಟ್ಟು ಮರೆಯುವ ದಾನಿಗಳು ಬಹಳ, ಕೊಟ್ಟ ಮೇಲೂ ಬಂದು ವಿಚಾರಿಸುವವರು ವಿರಳ.

ಕ್ರೋಧನ ಸಂವತ್ಸರದ ಆಷಾಢ ಶುದ್ಧ ದಶಮಿ ಭಾನುವಾರ, ಎಂದರೆ ಕ್ರಿ.ಶ. 965ನೆಯ ಜೂನ್ 11ರಂದು, 102 ಸಂಧಿಗಳ ಮಹಾಪುರಾಣವು ಪೂರ್ಣವಾಯಿತು. ಆರು ವರ್ಷಗಳ ದುಡಿಮೆ. ಗ್ರಂಥದ ಕೊನೆಯಲ್ಲಿ ಕವಿಯು ತನ್ನ ಸ್ಥಿತಿಯನ್ನು ಹೇಳಿಕೊಂಡಿದ್ದಾನೆ. ಮನೆಯಿಲ್ಲ, ಮಡದಿಯಿಲ್ಲ, ಮಕ್ಕಳಿಲ್ಲ. ಪಾಳುಮನೆಗಳಲ್ಲೂ ದೇವಾಲಯಗಳಲ್ಲೂ ವಾಸ, ಹೊಳೆ ಬಾವಿ ಕೆರೆಗಳಲ್ಲಿ ಸ್ನಾನ, ಹರಕು ಬಟ್ಟೆ ನಾರುಬಟ್ಟೆಗಳ ಉಡುಗೆ, ನೆಲವೇ ಹಾಸಿಗೆ, ತೋಳೇ ತಲೆದಿಂಬು. ಮಂತ್ರಿಯ ಮನೆಯಲ್ಲಿ ಆರು ವರ್ಷ ಉಂಡವನು ತನ್ನನ್ನು ಹೀಗೆ ವರ್ಣಿಸಿಕೊಳ್ಳುವುದು ಮೇಲುನೋಟಕ್ಕೆ ಸರಿಹೊಂದದು. ಆದರೆ ದಾರಿಯಲ್ಲಿ ಬಹುಕಾಲ ಕಳೆದವರು ಮನೆಯೊಳಗೆ ಬಂದರೂ ದಾರಿಗರಾಗಿಯೇ ಉಳಿಯುವುದನ್ನು ನಾನು ಕಂಡಿದ್ದೇನೆ. ನಮ್ಮ ಅಜ್ಜನವರು ಮುಪ್ಪಿನಲ್ಲಿಯೂ ಮಂಚವೇರದೆ ಕಂಬಳಿಯ ಮೇಲೆಯೇ ಮಲಗುತ್ತಿದ್ದರು.

ಭರತನ ತರುವಾಯ ಅವನ ಮಗ ನನ್ನನು ಕವಿಯ ಪೋಷಕನಾದನು. ಅವನ ಮನೆಯಲ್ಲಿದ್ದುಕೊಂಡು ಶ್ರೀಪಂಚಮೀ ವ್ರತದ ಫಲವನ್ನು ತಿಳಿಸುವ ನಾಗಕುಮಾರ ಚರಿತವನ್ನು 9 ಸಂಧಿಗಳಲ್ಲಿಯೂ, ಯಶೋಧರ ಚರಿತವನ್ನು 4 ಸಂಧಿಗಳಲ್ಲಿಯೂ ಪುಷ್ಪದಂತನು ರಚಿಸಿದನು. ಜನ್ನನ ಕಾವ್ಯದಿಂದ ಕನ್ನಡಿಗರಿಗೆ ಪರಿಚಿತವಾದ ಹಿಟ್ಟಿನ ಕೋಳಿಯ ಕಥೆಯೇ ಈ ಎರಡನೆಯದು.

ಅಷ್ಟರಲ್ಲಿ ನಾಡಿನ ದೆಸೆ ತಿರುಗಿತು. 967ರಲ್ಲಿ ಕನ್ನರದೇವನು ತೀರಿಕೊಂಡನು. ತಮ್ಮ ಖೊಟ್ಟಿಗನು ಪಟ್ಟಕ್ಕೆ ಬಂದನು. ಮಾಳವದ ಪರಮಾರ ದೊರೆ ಸೀಯಕ ಹರ್ಷನು ನರ್ಮದೆಯನ್ನು ದಾಟಿ ಬಂದು 972ರಲ್ಲಿ ಮಾನ್ಯಖೇಟವನ್ನು ಸೂರೆಗೊಂಡನು. ವ್ಯಾಪಾರದ ಹೇರುಗಳು ಬರುತ್ತಿದ್ದ ದಾರಿಯಲ್ಲಿಯೇ ಸೈನ್ಯವೂ ಬಂದಿತು. ಒಳ್ಳೆಯ ದಾರಿಗೆ ಬಂದವರಾರೆಂಬ ವಿವೇಚನೆಯಿಲ್ಲ. ಈ ಸೂರೆಯ ಸುದ್ದಿ ಎರಡೂ ಕಡೆಯ ಕವಿಗಳಿಂದ ನಮಗೆ ತಿಳಿಯುತ್ತದೆ. ಗೆದ್ದವರ ಧಾರಾನಗರದಲ್ಲಿ ಧನಪಾಲನೆಂಬ ಕವಿಯು ತನ್ನ ತಂಗಿ ಸುಂದರಿಗಾಗಿ ಪಾಇಯಲಚ್ಛಿ ಎಂಬ ಪ್ರಾಕೃತ ನಿಘಂಟನ್ನು ಬರೆದು, ಅದು ಮಾನ್ಯಖೇಟವು ಸೂರೆಹೋದ ವರ್ಷವೆಂದು ಕಾಲವನ್ನು ನಮೂದಿಸಿದನು. ಸೋತವರ ಕಡೆಯಲ್ಲಿ ಪುಷ್ಪದಂತನ ಮಹಾಪುರಾಣದ ಪ್ರತಿಗಳೊಳಗೆ ಒಂದು ಶ್ಲೋಕ ಸೇರಿಕೊಂಡಿದೆ. ದೀನರಿಗೂ ಅನಾಥರಿಗೂ ಧನವಾಗಿದ್ದ ನಗರವು ಧಾರೆಯ ಒಡೆಯನ ಕೋಪಾಗ್ನಿಯಲ್ಲಿ ಬೆಂದುಹೋಯಿತು, ಇನ್ನು ತಾನು ವಾಸ ಮಾಡುವುದೆಲ್ಲಿ ಎಂದು ಕವಿ ಅದರಲ್ಲಿ ಮರುಗಿದ್ದಾನೆ. ಗ್ರಂಥ ಮುಗಿದದ್ದು 965ರಲ್ಲಿ, ಸೂರೆಯಾದದ್ದು 972ರಲ್ಲಿ. ಆದುದರಿಂದ ಈ ಶ್ಲೋಕವನ್ನು ಆಮೇಲೆ ಸೇರಿಸಿದ್ದೆಂದು ಪಂಡಿತರು ಹೇಳುತ್ತಾರೆ. ಮನೆಯೇ ಬೇಡವೆಂದು ತಿರುಗಿದ್ದವನಿಗೆ ಕಡೆಯಲ್ಲಿ ಒಂದು ಊರು ತನ್ನದೆನಿಸಿತ್ತು. ಅದು ಸುಟ್ಟಾಗ ಅವನು ವಾಸದ ಚಿಂತೆ ಮಾಡಿದನು.

ಯಶೋಧರ ಚರಿತದ ಅಂತ್ಯದಲ್ಲಿ ಘೋರವಾದ ಬರಗಾಲದ ಚಿತ್ರವಿದೆ. ಹಾದಿಬೀದಿಗಳಲ್ಲಿ ತಲೆಬುರುಡೆಗಳು, ಎಲುಬಿನ ಗೂಡಾದ ಬಡಜನರು, ನೀರಸವಾದ ನಾಡು. ಅಂತಹ ಕಾಲದಲ್ಲಿ ನನ್ನನು ತನಗೆ ಒಳ್ಳೆಯ ಮನೆ, ರುಚಿಯಾದ ಅನ್ನ, ಮೃದುವಾದ ಬಟ್ಟೆ, ತಾಂಬೂಲಗಳನ್ನು ಕೊಟ್ಟು ಕಾಪಾಡಿದನೆಂದು ಕವಿಯು ಕೃತಜ್ಞತೆಯಿಂದ ಬರೆದಿದ್ದಾನೆ. ಸೂರೆಯ ಮರುವರ್ಷವೇ ತೈಲಪನು ಚಾಳುಕ್ಯರ ರಾಜ್ಯವನ್ನು ಪುನಃ ಸ್ಥಾಪಿಸಿದನು. ರಾಷ್ಟ್ರಕೂಟರ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನು.

ನಗರ ಅಳಿಯಿತು, ಪುಸ್ತಕಗಳು ದಾರಿ ಹಿಡಿದವು. ಬಡಗಣದ ಶ್ರಾವಕರು ಪುಷ್ಪದಂತನ ಗ್ರಂಥಗಳನ್ನು ನಕಲು ಮಾಡಿಸಿ ಮುನಿಗಳಿಗೂ ಭಂಡಾರಗಳಿಗೂ ಶಾಸ್ತ್ರದಾನ ಮಾಡುತ್ತ ಬಂದರು. ವರ್ಹಾಡದ ಕಾರಂಜಾ ಪಟ್ಟಣದ ಜೈನಭಂಡಾರಗಳಲ್ಲಿ ಅವನ ಕೃತಿಗಳು ಸುರಕ್ಷಿತವಾಗಿ ಉಳಿದುವು. ಕಾರಂಜಾದ ಬಲಾತ್ಕಾರಗಣದ ಭಟ್ಟಾರಕ ಪೀಠವು ತನ್ನನ್ನು ಮಲಯಖೇಡದ ಸಿಂಹಾಸನವೆಂದೇ ಕರೆದುಕೊಳ್ಳುತ್ತಿತ್ತು! ಮಲಯಖೇಡವೆಂದರೆ ನಮ್ಮ ಮಳಖೇಡವೇ. ಕವಿಯು ಯಾವ ಪ್ರಾಂತದಿಂದ ಬಂದನೆಂದು ಪ್ರೇಮಿಯವರು ಊಹಿಸಿದ್ದರೋ ಅದೇ ಪ್ರಾಂತಕ್ಕೆ ಅವನ ಪುಸ್ತಕಗಳು ಹೋಗಿ ತಂಗಿದ್ದುವು. 1931ರಲ್ಲಿ ಡಾ. ಪಿ. ಎಲ್. ವೈದ್ಯರು ಯಶೋಧರ ಚರಿತವನ್ನೂ, 1933ರಲ್ಲಿ ಡಾ. ಹೀರಾಲಾಲ ಜೈನರು ನಾಗಕುಮಾರ ಚರಿತವನ್ನೂ ಕಾರಂಜಾದ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಮಹಾಪುರಾಣದ ಮೂರು ಸಂಪುಟಗಳು ವೈದ್ಯರ ಸಂಪಾದಕತ್ವದಲ್ಲಿಯೇ 1937ರಿಂದ 1941ರ ಒಳಗೆ ಮುಂಬಯಿಯ ಮಾಣಿಕಚಂದ್ರ ಗ್ರಂಥಮಾಲೆಯಲ್ಲಿ ಹೊರಬಂದುವು. ಮಾಣಿಕಚಂದ್ರ ಶೇಠರು ಮುತ್ತುರತ್ನಗಳ ವ್ಯಾಪಾರಿ. ಮುಂದೆ ಭಾರತೀಯ ಜ್ಞಾನಪೀಠವು ಹಿಂದಿ ಅನುವಾದದೊಡನೆ ಇದನ್ನು ಮರಳಿ ಮುದ್ರಿಸಿತು.

ಈಗ ನನ್ನ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. ಸುಮಾರು 30 ವರ್ಷಗಳ ಹಿಂದೆ ನಮ್ಮ ಹಳೆಯ ಮಾಳಿಗೆ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವಾಗ ಅಟ್ಟದ ಮೇಲೆ ಕೆಂಪುಬಟ್ಟೆಯಲ್ಲಿ ಸುತ್ತಿದ ಎರಡು ಕಟ್ಟುಗಳು ಸಿಕ್ಕವು. ಬಾಳಬೋಧ ಲಿಪಿಯ ಕೈಬರಹ. ಅಂಚುಗಳನ್ನು ಗೆದ್ದಲು ತಿಂದಿತ್ತು. ಅಜ್ಜನವರು ಬಂಡಿಯ ದಾರಿಯಲ್ಲಿ ಯಾವುದೋ ಊರಿನಿಂದ ತಂದು ಇಟ್ಟಿದ್ದ ಶಾಸ್ತ್ರಗಳವು ಎಂದು ತಾಯಿಯವರು ಹೇಳಿದರು. ಅವುಗಳಲ್ಲಿ ಏನಿದೆಯೆಂದು ಓದಿಸಿ ನೋಡುವ ಬುದ್ಧಿ ನನಗೆ ಆಗ ಬರಲಿಲ್ಲ. ಹಾಳಾದ ಶಾಸ್ತ್ರವನ್ನು ಮನೆಯಲ್ಲಿಡಬಾರದೆಂದು ಯಾರೋ ಹೇಳಿದ್ದನ್ನು ಕೇಳಿ, ಕೆಲಸದ ಅವಸರದಲ್ಲಿ, ಭೀಮಾ ನದಿಗೆ ಒಯ್ದು ಬಿಟ್ಟುಬಂದೆನು. ತಾಯಿಯವರು ಆ ದಿನ ಉಣ್ಣಲಿಲ್ಲ. ನನ್ನೊಡನೆ ಏನನ್ನೂ ಆಡಲೂ ಇಲ್ಲ. ಪುಷ್ಪದಂತನ ಹೆಸರನ್ನು ನಾನು ಮೊದಲು ಕೇಳಿದ್ದು ಇದಾಗಿ ಹತ್ತು ವರ್ಷಗಳ ಮೇಲೆ, ಮುನಿಮಹಾರಾಜರೊಬ್ಬರ ಚಾತುರ್ಮಾಸದ ಪ್ರವಚನದಲ್ಲಿ. ಅಂದಿನಿಂದ ಆ ಎರಡು ಕಟ್ಟುಗಳು ನನ್ನ ಕಣ್ಣಮುಂದೆ ತೇಲುತ್ತಲೇ ಇವೆ.

ಕಳೆದ ಮಾಘಮಾಸದಲ್ಲಿ ಕುಟುಂಬ ಸಹಿತನಾಗಿ ಮಳಖೇಡಕ್ಕೆ ಹೋಗಿ ನೇಮಿನಾಥ ಸ್ವಾಮಿಯ ದರ್ಶನ ಮಾಡಿಕೊಂಡು ಕಾಗಿಣಾ ದಂಡೆಯ ತನಕ ನಡೆದೆವು. ನೀರು ಕಡಿಮೆಯಿತ್ತು. ಭರತನ ಮನೆ ಎಲ್ಲಿತ್ತೆಂದು ಮೊಮ್ಮಗಳು ಕೇಳಿದಳು. ಕೋಟೆಯ ಕಡೆಗೆ ಕೈತೋರಿಸಿದೆನು, ಬೇರೇನು ಹೇಳಲಿ? ಮರಳಿ ಬಂದ ಮೇಲೆ ದಿಲ್ಲಿಗೆ ಪತ್ರ ಬರೆದು ಮಹಾಪುರಾಣದ ಹಿಂದಿ ಅನುವಾದ ಸಹಿತವಾದ ಸಂಪುಟಗಳನ್ನು ತರಿಸಿದೆನು. ಮೊನ್ನೆ ಅವುಗಳನ್ನು ಹೊತ್ತು ಹೊಸ ಜಿನಮಂದಿರಕ್ಕೆ ಹೋದಾಗ ಶಾಸ್ತ್ರದ ಕಪಾಟಿನಲ್ಲಿ ಅಭಿಷೇಕದ ಕಲಶಗಳು, ಧ್ವಜದ ಬಟ್ಟೆಗಳು, ರಸೀದಿ ಪುಸ್ತಕಗಳು ತುಂಬಿದ್ದುವು. ಪಂಡಿತರೂ ನಾನೂ ಸೇರಿ ಮೇಲಿನ ಒಂದು ಅರೆಯನ್ನು ತೆರವು ಮಾಡಿ, ಒರಸಿ, ಹೊಸ ಬಟ್ಟೆ ಹಾಸಿ, ಸಂಪುಟಗಳನ್ನು ಇಟ್ಟೆವು. ಅರೆಯಲ್ಲಿ ಇನ್ನೂ ಅರ್ಧದಷ್ಟು ಜಾಗ ಉಳಿದಿದೆ.